ಚಪ್ಪಲಿ ಬಿಡುವ ಜಾಗ

ಕಳೆದ ಚಳಿಗಾಲದ ಒಂದು ಭಾನುವಾರ ನಾನು ಮಸೀದಿ ನೋಡಲು ಹೋಗಿದ್ದೆ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಮುಸಲ್ಮಾನರ ಮನೆಯನ್ನೇ ಸೇರಿ, ದಿನಕ್ಕೆ ಐದು ಸಲ ಬಾಂಗು ಕೇಳುತ್ತ 61 ವರ್ಷ ಕಳೆದವಳು ಮಸೀದಿ ನೋಡಲು ಟೆಂಪೊ ಹತ್ತಿ ಪ್ರವಾಸ ಹೋದಳು ಎಂದರೆ ನಿಮಗೆ ನಗು ಬರಬಹುದು. ಬೆಳಿಗ್ಗೆ ಟೆಂಪೊ ಹತ್ತುವಾಗ ನನಗೂ ಬಂದಿತ್ತು. ಸಂಜೆ ಇಳಿಯುವಾಗ ಅದು ಉಳಿದಿರಲಿಲ್ಲ.

ಪ್ರವಾಸದ ಏರ್ಪಾಟು ಮಾಡಿದವರು ನಮ್ಮ ಭಾಗದ ನಾಲ್ಕಾರು ತರುಣರು. ಎರಡೂ ಕೋಮಿನವರಿದ್ದರು. ಬೆಳಿಗ್ಗೆ ಹುಕ್ಕೇರಿ, ಮಧ್ಯಾಹ್ನ ಗೋಕಾಕ, ಸಂಜೆ ಮೂಡಲಗಿ. ಹಳೆಯವು ಹೊಸವು ಸೇರಿ ಐದು ಮಸೀದಿ, ಜೊತೆಗೆ ಹುಕ್ಕೇರಿಯ ಗುಮ್ಮಟಗಳು. ತಲೆಗೆ 250 ರೂಪಾಯಿ, ಬುತ್ತಿ ಅವರವರದು. ಗಂಡಸರಿಗೆ ಒಂದು ದಿನ, ಮಹಿಳಾ ಮಂಡಳದವರಿಗಾಗಿಯೇ ಇನ್ನೊಂದು ದಿನ. ಮಸೀದಿಯ ಒಳಗೆ ಏನು ನಡೆಯುತ್ತದೆ ಎಂದು ನೆರೆಯವರಿಗೆ ತಿಳಿಯದೆ ಇರುವುದರಿಂದಲೇ ಇಲ್ಲದ ಸುದ್ದಿಗಳು ಹುಟ್ಟುತ್ತವೆ, ಬಾಗಿಲು ತೆರೆದು ತೋರಿಸಿಬಿಟ್ಟರೆ ಅರ್ಧ ಸಂಶಯ ಅಲ್ಲೇ ಹೋಗುತ್ತದೆ ಎಂಬುದು ಅವರ ವಿಚಾರ. ವಿಚಾರ ಹೊಸದೇನಲ್ಲ. ಜರ್ಮನಿಯಲ್ಲಿ 1997ರಿಂದಲೂ ಅಕ್ಟೋಬರ್ 3ರಂದು ಮಸೀದಿಗಳನ್ನು ಎಲ್ಲರಿಗೂ ತೆರೆದಿಡುತ್ತಾರೆ. ಬ್ರಿಟನ್ನಿನವರು 2015ರಲ್ಲಿ ಇಂಥದೇ ದಿನವನ್ನು ಶುರು ಮಾಡಿದರು. 2020ರ ಜನವರಿಯಲ್ಲಿ ಬೆಂಗಳೂರಿನ ಮೋದಿ ಮಸೀದಿಯಲ್ಲೂ ಇದು ನಡೆಯಿತು. (ಆ ಹೆಸರು ಪ್ರಧಾನಿಯವರದಲ್ಲ, ಮೋದಿ ಅಬ್ದುಲ್ ಗಫೂರ್ ಎಂಬ ಹಿಂದಿನ ಕಾಲದ ವ್ಯಾಪಾರಿಯದು.)

ನಾನು ಈ ಕೆಲಸದ ವಿರೋಧಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 1992ರ ಡಿಸೆಂಬರನ್ನು ಕಂಡವಳು ನಾನು. ಆರು ವರ್ಷ ಒಂದೇ ಡಬ್ಬಿಯ ರೊಟ್ಟಿ ಮುರಿದು ಉಂಡ ಸಹೋದ್ಯೋಗಿಗಳು ಎಂಟು ದಿನ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಒಂಬತ್ತನೆಯ ದಿನ ಒಬ್ಬಳು ಬಂದು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು. ಆ ಎಂಟು ದಿನ ಇನ್ನೊಮ್ಮೆ ಬರಬಾರದು ಎನ್ನುವವರು ಯಾರೇ ಇರಲಿ, ಏನೇ ಪ್ರಯತ್ನ ಮಾಡಲಿ, ನಾನು ಅವರ ಕಡೆಗೆ. ಅಂದು ಅತ್ತವಳೇ ಈ ಪ್ರವಾಸಕ್ಕೆ ನನ್ನನ್ನು ಎಳೆದವಳು. "ಅಕ್ಕಾರ, ನೀವೂ ಬರ್ರಿ. ನೀವಿದ್ರ ನಮಗೂ ಧೈರ್ಯ ಇರ್ತೈತಿ. ಒಳಗ ಹೆಂಗ ಕುಂದ್ರಬೇಕು, ಏನ ಮುಟ್ಟಬಾರ್ದು, ಎಲ್ಲಾ ನಿಮಗ ಗೊತ್ತಿರ್ತೈತಿ" ಅಂದಳು. ಹೂಂ ಅಂದೆ. ನನಗೇನೂ ಗೊತ್ತಿರಲಿಲ್ಲ. ಮಸೀದಿಯ ಒಳಗಿನದು ಅವಳಿಗೆ ಎಷ್ಟು ಗೊತ್ತಿತ್ತೋ ನನಗೂ ಅಷ್ಟೇ ಗೊತ್ತಿತ್ತು. ಅದನ್ನು ಹೇಳಲು ನಾಚಿಕೆಯಾಯಿತು.

ಹುಕ್ಕೇರಿ ನನ್ನ ತವರು. ಹೂವಿನ ಕೇರಿ ಎಂಬುದೇ ಹುಕ್ಕೇರಿಯಾಯಿತು, ಇಲ್ಲಿಯ ಗುಲಾಬಿ ವಿಜಾಪುರದ ಆದಿಲ್‌ಶಾಹಿ ಅರಮನೆಗೆ ಹೋಗುತ್ತಿತ್ತು ಎಂದು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಾನು ಹುಟ್ಟುವ ಹೊತ್ತಿಗೆ ಗುಲಾಬಿ ಹೋಗಿತ್ತು, ಗುಮ್ಮಟಗಳು ಉಳಿದಿದ್ದವು. ವಿಜಾಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಇವು ಅದರ ಅಕ್ಕಂದಿರೆಂದು ಕೂಡಲೇ ತಿಳಿಯುತ್ತದೆ. ತಂಗಿ ಎನ್ನದೆ ಅಕ್ಕ ಎಂದದ್ದು ಬೇಕೆಂದೇ. ಇವು 16ನೆಯ ಶತಮಾನದವು, ಗೋಳಗುಮ್ಮಟ ಕಟ್ಟಿದ್ದು 17ನೆಯ ಶತಮಾನದಲ್ಲಿ. ನಮ್ಮ ಮಾರ್ಗದರ್ಶಕ ಇತಿಹಾಸ ಓದಿದ ಹುಡುಗ, ಚುರುಕಾಗಿದ್ದ. ಚೌಕದ ಗೋಡೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸುವುದು ಎಷ್ಟು ಕಷ್ಟ, ಮೂಲೆಗಳಲ್ಲಿ ಕಮಾನು ಕಟ್ಟಿ ಚೌಕವನ್ನು ಎಂಟು ಮೂಲೆ ಮಾಡಿ, ಆಮೇಲೆ ಅದರ ಮೇಲೆ ದುಂಡನ್ನು ಹೇಗೆ ಇಳಿಸುತ್ತಾರೆ ಎಂದು ತನ್ನ ಕರವಸ್ತ್ರವನ್ನೇ ಮಡಚಿ ತೋರಿಸಿದ. ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಮಾತ್ರ ನನ್ನ ಅಮ್ಮನನ್ನು ನೆನೆಯುತ್ತಿದ್ದೆ. ಗುರುವಾರ ಗುರುವಾರ ಅಮ್ಮ ಇಲ್ಲಿ ಊದು ಹಾಕಲು ಬರುತ್ತಿದ್ದಳು, ನನ್ನನ್ನೂ ತಂಗಿಯನ್ನೂ ಕರೆದುಕೊಂಡು. ಒಳಗೆ ಗೋರಿಯ ತನಕ ಹೋಗುತ್ತಿದ್ದೆವು. ಯಾರೂ ಬೇಡ ಎನ್ನುತ್ತಿರಲಿಲ್ಲ. ಮಸೀದಿಯ ಮುಂದೆ ಬಂದಾಗ ಮಾತ್ರ ಅಮ್ಮ ಸೆರಗು ಎಳೆದುಕೊಂಡು ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದಳು. ಸತ್ತವರ ಹತ್ತಿರ ನಮಗೆ ಜಾಗವಿತ್ತು, ನಮಾಜಿನ ಹತ್ತಿರ ಇರಲಿಲ್ಲ.

ಹುಡುಗ ಸುಲ್ತಾನರ, ಸರದಾರರ ಹೆಸರು ಹೇಳಿದ. ಒಂದಾದರೂ ಹೆಂಗಸಿನ ಹೆಸರು ಬರಲಿ ಎಂದು ಕಾದೆ. ಬರಲಿಲ್ಲ. ನಾನೇ ಕೇಳಿದೆ: "ಚಾಂದ್‌ಬೀಬಿ ಹೆಸರು ಕೇಳೀಯೇನಪಾ?" ಕೇಳಿದ್ದ. ವಿಜಾಪುರದಲ್ಲಿ ಎಳೆಯ ಸುಲ್ತಾನನ ಪರವಾಗಿ ರಾಜ್ಯ ನಡೆಸಿದವಳು, 1595ರಲ್ಲಿ ಮೊಗಲರ ಸೈನ್ಯ ಬಂದು ಮುತ್ತಿದಾಗ ಅಹ್ಮದನಗರದ ಕೋಟೆಯನ್ನು ಕಾಪಾಡಿದವಳು. ಆ ಎಳೆಯ ಸುಲ್ತಾನ ಇಬ್ರಾಹಿಂ ದೊಡ್ಡವನಾಗಿ ಆಳುವಾಗ, 1608ರಲ್ಲಿ, ವಿಜಾಪುರದಲ್ಲಿ ಅಂಡು ಮಸೀದಿ ಕಟ್ಟಿದರು. ಅದನ್ನು ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಹೊರಗಿನಿಂದ ನೋಡಿದ್ದೇನೆ. ಎರಡು ಅಂತಸ್ತು. ಕೆಳಗೆ ಛತ್ರದಂಥ ಪಡಸಾಲೆ, ಮೇಲೆ ಮಸೀದಿ. ಶುಕ್ರವಾರದ ಉಪದೇಶಕ್ಕೆ ಬೇಕಾದ ಮಿಂಬರ್ ಅಲ್ಲಿಲ್ಲ. ಹೆಂಗಸರಿಗೆಂದೇ ಕಟ್ಟಿದ್ದರಿಂದ ಇಟ್ಟಿಲ್ಲ ಎಂದು ಹೇಳುತ್ತಾರೆ. ಕೋಟೆಯೊಳಗಿನ ಮಕ್ಕಾ ಮಸೀದಿಯ ಸುತ್ತ ಎತ್ತರದ ಗೋಡೆ ಇರುವುದಕ್ಕೂ ಇದೇ ಕಾರಣ ಕೊಡುತ್ತಾರೆ. ನಾನೂರು ವರ್ಷದ ಹಿಂದೆ, ಫೋನು ಕರೆಂಟು ಇಲ್ಲದ ಕಾಲದಲ್ಲಿ, ಈ ನಾಡಿನ ಮುಸಲ್ಮಾನ ಹೆಣ್ಣುಮಕ್ಕಳಿಗೆ ತಮ್ಮದೇ ಮಸೀದಿ ಇತ್ತೆಂದು ಜನ ನೆನಪಿಟ್ಟುಕೊಂಡಿದ್ದಾರೆ. ನಮಗೆ ಒಂದು ಮೂಲೆಯೂ ಇಲ್ಲ.

ಕರೆಂಟಿನ ಮಾತು ಬಂತು, ಒಂದು ಅಡ್ಡಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಹುಕ್ಕೇರಿ ತಾಲ್ಲೂಕಿನಲ್ಲಿ ಕರೆಂಟು ಕೊಡುವುದು ಸರ್ಕಾರದ ಕಂಪನಿಯಲ್ಲ, 1969ರಲ್ಲಿ ಹುಟ್ಟಿದ ಸಹಕಾರಿ ಸಂಘ. ಬಳಸುವವರೇ ಸದಸ್ಯರು, ಸದಸ್ಯರೇ ಒಡೆಯರು. ತವರಿನಲ್ಲಿ ನನ್ನ ಅತ್ತಿಗೆಯ ಹೆಸರಿನಲ್ಲಿ ಷೇರಿದೆ. ಒಂದು ಬಲ್ಬು ಉರಿಸುವುದಕ್ಕೆ ಅವಳನ್ನು ಸದಸ್ಯೆ ಎಂದು ಬರೆದುಕೊಂಡಿದ್ದಾರೆ. ಅದೇ ಅತ್ತಿಗೆ ಮಸೀದಿಯ ದುರಸ್ತಿಗೆ ಕೈಬಳೆ ಬಿಚ್ಚಿ ಕೊಟ್ಟಿದ್ದಾಳೆ. ಚಂದಾ ಪಟ್ಟಿಯಲ್ಲಿ ಅಣ್ಣನ ಹೆಸರಿದೆ. ನಮ್ಮ ಯಾವ ಮಸೀದಿಯ ಗೋಡೆಯನ್ನೇ ಕೆರೆಯಿರಿ, ಹೆಂಗಸಿನ ದುಡ್ಡು ಕಾಣುತ್ತದೆ. ಬೀಡಿ ಕಟ್ಟಿದ್ದು, ಹೊಲಿಗೆ ಹಾಕಿದ್ದು, ಹಾಲು ಮಾರಿದ್ದು, ಅಡುಗೆಗೆ ತೆಗೆದ ಅಕ್ಕಿಯಲ್ಲಿ ದಿನಾ ಒಂದು ಮುಷ್ಟಿ ಎತ್ತಿಟ್ಟದ್ದು. ದೊಡ್ಡವರ ಮಾತು ಬೇಕಾದರೆ ದಿಲ್ಲಿಯ ಫತೇಪುರಿ ಮಸೀದಿ 1650ರಲ್ಲಿ ಷಹಜಹಾನನ ಬೇಗಂ ಕಟ್ಟಿಸಿದ್ದು. ಇಂಗ್ಲೆಂಡಿನ ವೋಕಿಂಗ್ ಎಂಬ ಊರಲ್ಲಿ 1889ರಲ್ಲಿ ಎದ್ದ, ಆ ದೇಶದಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಮಸೀದಿಗೆ ಭೋಪಾಲದ ಷಾಜಹಾನ್ ಬೇಗಂ ದುಡ್ಡು ಕೊಟ್ಟಳು, ಅವಳ ಹೆಸರೇ ಅದಕ್ಕಿದೆ.

ಗೋಕಾಕಿಗೆ ಬರುವ ಹೊತ್ತಿಗೆ ಹಸಿವಾಗಿತ್ತು. ಬುತ್ತಿ ಬಿಚ್ಚಿದೆವು, ಆಮೇಲೆ ಕರದಂಟು ತಿಂದೆವು. ಗೋಕಾಕ 1717ರಿಂದ 1754ರವರೆಗೆ ಸವಣೂರು ನವಾಬರ ಕೈಯಲ್ಲಿತ್ತು, ಇಲ್ಲಿ ಮಸೀದಿ ಮತ್ತು ಗಂಜಿಖಾನೆ ಕಟ್ಟಿಸಿದವರು ಅವರೇ ಎಂದು ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿದೆ. ಹುಡುಗ ಅದನ್ನು ಕಾಗದ ನೋಡಿ ಓದಿದ. ಮಧ್ಯಾಹ್ನದ ಬಿಸಿಲಿಗೆ ಇತಿಹಾಸ ಯಾರ ತಲೆಗೂ ಹತ್ತಲಿಲ್ಲ. ಜಲಪಾತ ನೋಡೋಣ ಎಂದು ಎಲ್ಲರೂ ಗಲಾಟೆ ಮಾಡಿದರು, ಹೊತ್ತಿಲ್ಲವೆಂದು ಹುಡುಗರು ಒಪ್ಪಲಿಲ್ಲ.

ಈಗ ಆ ದಿನ ನೋಡಿದ ಐದು ಮಸೀದಿಗಳಲ್ಲಿ ಒಂದರ ಮಾತು. ಅದು ಮೂರು ಊರುಗಳಲ್ಲಿ ಯಾವುದರದೆಂದು ಬರೆಯುವುದಿಲ್ಲ. ಬರೆದರೆ ಆ ಊರಿನವರಿಗೆ ಸಿಟ್ಟು ಬರುತ್ತದೆ, ಉಳಿದ ಎರಡು ಊರಿನವರು ಸದ್ಯ ನಮ್ಮದಲ್ಲ ಎಂದು ನಿಶ್ಚಿಂತರಾಗುತ್ತಾರೆ. ನನಗೆ ಎರಡೂ ಬೇಡ.

ಅಲ್ಲಿ ನಮ್ಮನ್ನು ತುಂಬ ಮರ್ಯಾದೆಯಿಂದ ಬರಮಾಡಿಕೊಂಡರು. ಒಬ್ಬೊಬ್ಬರಿಗೂ ಗುಲಾಬಿ, ತಣ್ಣನೆಯ ಶರಬತ್ತು. ಜಮಾತಿನ ಹಿರಿಯರೊಬ್ಬರು, ಬೆಳ್ಳಗಿನ ಗಡ್ಡ, ಮೆಲುಮಾತು, "ಬರ್ರಿ ತಾಯಂದಿರಾ, ಇದು ನಿಮ್ಮ ಮನಿ" ಎಂದು ಕೈ ಮುಗಿದರು. ವಜೂ ಮಾಡುವ ಹೌಜು ತೋರಿಸಿದರು. ಮಿಹ್ರಾಬ್ ತೋರಿಸಿ, ಕಾಬಾ ಯಾವ ದಿಕ್ಕಿಗಿದೆ ಎಂದು ತಿಳಿಯಲು ಇದು, ದೇವರನ್ನು ಇಡಲು ಅಲ್ಲ ಎಂದು ವಿವರಿಸಿದರು. ಮಿಂಬರಿನ ಮೆಟ್ಟಿಲು, ಐದು ಹೊತ್ತಿನ ಗಡಿಯಾರಗಳು, ಕುರಾನು ಇಡುವ ಮರದ ರೆಹಲು. ನನ್ನ ಗೆಳತಿಯರು ಬೆರಗಿನಿಂದ ನೋಡಿದರು. ಅವರ ಜೊತೆಗೆ ನಾನೂ ಬೆರಗಿನಿಂದಲೇ ನೋಡಿದೆ, ಆದರೆ ನನ್ನ ಬೆರಗನ್ನು ಮುಚ್ಚಿಕೊಳ್ಳಬೇಕಾಗಿತ್ತು. ಪಕ್ಕದ ಓಣಿಯ ಕಿಟಕಿಯಲ್ಲಿ ನಾಲ್ಕೈದು ಹೆಣ್ಣುಮಕ್ಕಳ ತಲೆ ಕಂಡವು. ಶರಬತ್ತು ಮಾಡಿ ಕಳಿಸಿದವರು ಅವರೇ. ಒಬ್ಬಳು ನನ್ನ ಗುರುತು ಹಿಡಿದು, ಪಿಸುದನಿಯಲ್ಲಿ ಕೂಗಿದಳು: "ಆಪಾ, ಅಂದರ್ ಕೈಸಾ ಹೈ?" ಒಳಗೆ ಹೇಗಿದೆ ಎಂದು ಕೇಳುತ್ತಿದ್ದಳು. ಅವಳ ಮನೆಯ ಹಿತ್ತಲಗೋಡೆಯೂ ಮಸೀದಿಯ ಗೋಡೆಯೂ ಒಂದೇ.

ನನ್ನ ಗೆಳತಿ ಹಿರಿಯರನ್ನು ಮುಗ್ಧವಾಗಿ ಕೇಳಿದಳು: "ನಿಮ್ಮ ಹೆಣ್ಮಕ್ಕಳು ಎಲ್ಲಿ ಕುಂದ್ರತಾರ್ರಿ?" ಅವರು ಸ್ವಲ್ಪ ತಡೆದು, "ನಮ್ಮಲ್ಲಿ ಹೆಣ್ಮಕ್ಕಳಿಗೆ ಭಾಳ ಗೌರವ ಐತ್ರಿ. ಅವರು ಮನ್ಯಾಗ ನಮಾಜ ಮಾಡಿದ್ರ ಪುಣ್ಯ ಹೆಚ್ಚು" ಎಂದರು. ಅಷ್ಟರಲ್ಲಿ ಬಾಂಗು ಆಯಿತು. ಗಂಡಸರು ಬಂದು ಸಾಲು ಹಿಡಿದರು. ಅತಿಥಿಗಳು ನಮಾಜು ನೋಡಲಿ ಎಂದು ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗೆಳತಿಯರು ಕುಳಿತರು. ನಾನು ಹೌಜಿನಲ್ಲಿ ಕೈಕಾಲು ತೊಳೆದು ಬಂದು, ಎಲ್ಲರಿಗಿಂತ ಹಿಂದೆ, ಗೋಡೆಯ ಹತ್ತಿರ, ನನ್ನ ಶಾಲನ್ನೇ ಹಾಸಿ ನಿಂತೆ. ಒಬ್ಬ ತರುಣ ಓಡಿ ಬಂದ. ಸಿಟ್ಟಿನಿಂದಲ್ಲ, ಗಾಬರಿಯಿಂದ. "ಆಪಾ, ನೀವು ಇಲ್ಲಿ ಬ್ಯಾಡ್ರಿ. ಕುಂದ್ರೂದಾದ್ರ ಅವರ ಜೋಡಿ ಕುರ್ಚಿ ಮ್ಯಾಲ ಕುಂದರ್ರಿ. ನಮಾಜ ಮನಿಗಿ ಹೋಗಿ ಮಾಡ್ರಿ."

ಸೋದರಿಯರೇ, ಈ ಮಾತನ್ನು ಸ್ವಲ್ಪ ನಿಂತು ನೋಡಿ. ನಮಾಜು ಮಾಡದ ಹೆಂಗಸರು ಮಸೀದಿಯೊಳಗೆ ಕೂರಬಹುದು. ನಮಾಜು ಮಾಡುವ ಹೆಂಗಸು ಕೂರಬಾರದು. ನಾನು ನೋಡುವವಳಾದರೆ ಮನೆ ನನ್ನದು, ಪ್ರಾರ್ಥಿಸುವವಳಾದರೆ ಪರರದು. 2011ರಲ್ಲಿ ಯಜಮಾನರ ಜೊತೆ ಹಜ್ಜಿಗೆ ಹೋಗಿದ್ದೆ. ಕಾಬಾದ ಸುತ್ತ ಲಕ್ಷಾಂತರ ಗಂಡಸರ ನಡುವೆ ಹೆಗಲು ತಾಗಿಸಿಕೊಂಡು ಏಳು ಸುತ್ತು ಬಂದೆ, ಅಲ್ಲೇ ಹಣೆ ನೆಲಕ್ಕಿಟ್ಟೆ. ಯಾರ ಧರ್ಮವೂ ಕೆಡಲಿಲ್ಲ. ಮಕ್ಕಾದಲ್ಲಿ ಸಲ್ಲುವ ನಾನು ಮೂರು ತಾಲ್ಲೂಕಿನ ಈ ಮಸೀದಿಗಳಲ್ಲಿ ಸಲ್ಲುವುದಿಲ್ಲ.

ನಾನು ಶಾಲು ಮಡಚಿಕೊಂಡು ಹೊರಗೆ ಬಂದು ಚಪ್ಪಲಿ ಬಿಡುವ ಜಾಗದಲ್ಲಿ ನಿಂತೆ. ನಿಂತ ಮೇಲೆ ನೆನಪಾಯಿತು.

1994ರಲ್ಲಿ ನನ್ನ ತಂಗಿ ನಿಂತಿದ್ದು ಇದೇ ಜಾಗದಲ್ಲಿ. ಅವಳಿಗೆ 24 ವರ್ಷ, ಕಂಕುಳಲ್ಲಿ ಎಂಟು ತಿಂಗಳ ಮಗು. ಗಂಡ ಬಾಯಿಮಾತಿನಲ್ಲಿ ಮೂರು ಸಲ ಹೇಳಿ ಮುಗಿಸಿದ್ದ. ಇಶಾ ನಮಾಜು ಮುಗಿದ ಮೇಲೆ ಒಳಗೆ ಜಮಾತು ಕೂಡಿತು. ಅವನು ಒಳಗೆ, ಅವನ ಅಪ್ಪ ಒಳಗೆ, ನಮ್ಮ ಅಣ್ಣ ಒಳಗೆ, ಊರಿನ ಹಿರಿಯರೆಲ್ಲ ಒಳಗೆ. ಬದುಕು ಯಾರದು ಮುರಿದಿತ್ತೋ ಅವಳು ಮಾತ್ರ ಹೊರಗೆ, ಚಪ್ಪಲಿಗಳ ನಡುವೆ. ಅಮ್ಮ ಮತ್ತು ನಾನು ಅವಳ ಪಕ್ಕ. ಕಿಟಕಿಯಿಂದ ತುಂಡು ತುಂಡು ಮಾತು ಕೇಳುತ್ತಿದ್ದವು. ಹುಡುಗಿ ಬಾಯಿಬಡಕಿ ಎಂದು ಯಾರೋ ಅಂದರು. ತಂಗಿ ತುಟಿ ತೆರೆದಳು, ಅಮ್ಮ ಅವಳ ಬಾಯಿ ಮುಚ್ಚಿದಳು. ಮಗು ಅತ್ತಾಗ ಒಳಗಿನಿಂದ ಒಬ್ಬರು, ಅದನ್ನು ದೂರ ಒಯ್ಯಿರಿ, ಮಾತು ಕೇಳುತ್ತಿಲ್ಲ ಎಂದು ಕೂಗಿದರು. ಮೆಹರಿನ 525 ರೂಪಾಯಿ, ಮೂರು ತಿಂಗಳ ಇದ್ದತ್ತಿನ ಖರ್ಚು, ಮದುವೆಯ ಪಾತ್ರೆಗಳು. ಹತ್ತು ಗಂಟೆಗೆ ಅಣ್ಣ ಹೊರಗೆ ಬಂದು ಹೇಳಿದಾಗಲೇ ತಂಗಿಗೆ ತನ್ನ ಮುಂದಿನ ಬಾಳು ಏನೆಂದು ತಿಳಿದದ್ದು. ಅವಳನ್ನು ಒಂದು ಮಾತು ಕೇಳಿದವರಿಲ್ಲ.

ಮಸೀದಿಯೊಳಗೆ ಹೆಂಗಸು ಹೋಗಬೇಕೋ ಬೇಡವೋ ಎಂಬುದು ಬರೀ ನಮಾಜಿನ ಪ್ರಶ್ನೆಯಲ್ಲ ಎಂದು ನಾನು ಹೇಳುವುದು ಇದಕ್ಕೇ. ನಮ್ಮ ಓಣಿಗಳಲ್ಲಿ ಮಸೀದಿ ಎಂದರೆ ದೇವರ ಮನೆಯೂ ಹೌದು, ಪಂಚಾಯಿತಿ ಕಟ್ಟೆಯೂ ಹೌದು. ನಿಕಾಹದ ಪುಸ್ತಕ ಅಲ್ಲಿರುತ್ತದೆ, ತಲಾಖಿನ ಮಾತು ಅಲ್ಲಾಗುತ್ತದೆ, ಬಡ ವಿಧವೆಗೆ ಎಷ್ಟು ಝಕಾತು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಬಾಯಿಮಾತಿನ ಆ ಮೂರು ಸಲದ ತಲಾಖು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು, 2019ರಲ್ಲಿ ಕಾನೂನೂ ಬಂತು. ಒಳ್ಳೆಯದು. ನನ್ನ ತಂಗಿಗೆ ಅದು 25 ವರ್ಷ ತಡವಾಗಿ ಬಂತು. ಆದರೆ ಕೋರ್ಟಿನ ಬಾಗಿಲಿಗೆ ಹೋಗುವ ಮೊದಲು ನಮ್ಮ ಹುಡುಗಿಯರು ಇಂದಿಗೂ ನಿಲ್ಲುವುದು ಚಪ್ಪಲಿ ಬಿಡುವ ಜಾಗದಲ್ಲೇ. ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕತೆಯನ್ನು ಓದಿದವರಿಗೆ, ಅದರಿಂದ ಗಿರೀಶ ಕಾಸರವಳ್ಳಿ 2004ರಲ್ಲಿ ಮಾಡಿದ 'ಹಸೀನಾ' ಸಿನಿಮಾ ನೋಡಿದವರಿಗೆ ಈ ಜಾಗದ ಪರಿಚಯವಿದೆ. ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಹೆಣ್ಣಿಗೂ ಇದೆ ಎಂದು 2000ದಲ್ಲಿ ಹೇಳಿದ್ದಕ್ಕೆ ಬಾನು ಅವರ ಕುಟುಂಬ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಅನುಭವಿಸಿತು. ಚಾಕು ಹಿಡಿದು ಬಂದವನೂ ಇದ್ದ. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅವರು ನಮ್ಮ ಸಮಾಜದ ಹೆಮ್ಮೆ ಎಂದು ಹಾರ ಹಾಕಿದವರು ಎಷ್ಟು ಜನ! ಅವರು ಕೇಳಿದ್ದನ್ನು ಕೊಟ್ಟವರು ಎಷ್ಟು ಜನ ಎಂದು ಎಣಿಸಲು ನನಗೆ ಒಂದು ಕೈಯ ಬೆರಳು ಸಾಕು.

ಮನೆಯಲ್ಲಿ ನಮಾಜು ಮಾಡಿದರೆ ಪುಣ್ಯ ಹೆಚ್ಚು ಎನ್ನುತ್ತಾರೆ. ಇರಲಿ, ಅದು ರಿಯಾಯಿತಿ. ಕೂಸು, ಒಲೆ, ಮುಪ್ಪಿನ ಅತ್ತೆಯನ್ನು ಬಿಟ್ಟು ದಿನಕ್ಕೆ ಐದು ಸಲ ಓಡಿ ಬರಬೇಕಿಲ್ಲ ಎಂದು ಕರುಣೆಯಿಂದ ಕೊಟ್ಟದ್ದು. ರಿಯಾಯಿತಿಯನ್ನು ಬೇಲಿ ಮಾಡಿದವರು ಯಾರು? 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರು ಮನೆಯಲ್ಲೇ ಮತ ಹಾಕಬಹುದು ಎಂದರು. ಹಾಗೆಂದು ಮತಗಟ್ಟೆಗೆ ಬಂದ ಮುದುಕರನ್ನು ಬಾಗಿಲಲ್ಲಿ ತಡೆದು ವಾಪಸು ಕಳಿಸಿದರೇನು? ಮದೀನಾದಲ್ಲಿ ಪ್ರವಾದಿಯವರ ಹಿಂದೆ ಹೆಂಗಸರೂ ಸಾಲು ನಿಂತು ನಮಾಜು ಮಾಡುತ್ತಿದ್ದರು. ಕೂಸು ಅತ್ತ ಸದ್ದು ಕೇಳಿದರೆ ತಾಯಿಗೆ ಸಂಕಟವಾದೀತೆಂದು ಪ್ರವಾದಿಯವರು ನಮಾಜನ್ನು ಚಿಕ್ಕದು ಮಾಡುತ್ತಿದ್ದರೆಂದು ಹದೀಸುಗಳಲ್ಲಿದೆ. ಇದನ್ನು ನಮ್ಮ ಮೌಲವಿಗಳೇ ಎಷ್ಟೋ ಸಲ ಉಪದೇಶದಲ್ಲಿ ಹೇಳಿದ್ದಾರೆ. ತಾಯಿ ಕೂಸು ಮಸೀದಿಯಲ್ಲಿ ಇರದಿದ್ದರೆ ಆ ಅಳು ಎಲ್ಲಿಂದ ಬಂತು, ಸ್ವಾಮಿ? ಪ್ರವಾದಿಯವರು ಕೂಸಿನ ಅಳು ಕೇಳಿ ದೇವರ ಪ್ರಾರ್ಥನೆಯನ್ನೇ ಮೊಟಕು ಮಾಡಿದರು. ನೀವು ನನ್ನ ತಂಗಿಯ ಕೂಸನ್ನು ದೂರ ಒಯ್ಯಿರಿ ಎಂದಿರಿ.

ಇದು ನನ್ನ ಮನೆಗೆಲಸದ ನಡುವೆ ಹುಟ್ಟಿದ ತರ್ಕವಷ್ಟೇ ಅಲ್ಲ. ಪುಣೆಯ ದಂಪತಿಗಳು 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, 2020ರ ಜನವರಿಯಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಪ್ರಮಾಣಪತ್ರ ಸಲ್ಲಿಸಿ, ಹೆಂಗಸರು ಮಸೀದಿಗೆ ಬಂದು ನಮಾಜು ಮಾಡಲು ಧರ್ಮದಲ್ಲಿ ಅಡ್ಡಿಯಿಲ್ಲ ಎಂದು ಒಪ್ಪಿಕೊಂಡಿತು. ಮುಂಬಯಿಯ ಹಾಜಿ ಅಲಿ ದರ್ಗಾದ ಒಳಗುಡಿಗೆ ಹೆಂಗಸರನ್ನು ಬಿಡುವುದನ್ನು ನಿಲ್ಲಿಸಿದ್ದರು, 2016ರಲ್ಲಿ ಹೈಕೋರ್ಟು ತೆರೆಸಿತು. ಕೇರಳದ ಎಷ್ಟೋ ಮಸೀದಿಗಳಲ್ಲಿ ಹೆಂಗಸರ ಸಾಲು ಶುಕ್ರವಾರ ಶುಕ್ರವಾರ ನಿಲ್ಲುತ್ತದೆ. ವಕ್ಫ್ ಕಾನೂನಿಗೆ 2013ರಲ್ಲಿ ತಿದ್ದುಪಡಿಯಾದಾಗ ರಾಜ್ಯದ ಮಂಡಳಿಯಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕೆಂದು ಬರೆದರು. ಬೆಂಗಳೂರಿನ ಮಂಡಳಿಯಲ್ಲಿ ಹೆಂಗಸಿಗೆ ಕುರ್ಚಿ, ಓಣಿಯ ಮಸೀದಿಯಲ್ಲಿ ಚಾಪೆಯೂ ಇಲ್ಲ.

ಜಾಗವಿಲ್ಲ ಎನ್ನುವವರಿದ್ದಾರೆ. ಹಳೆಯ ಕಟ್ಟಡಗಳ ವಿಷಯದಲ್ಲಿ ಒಪ್ಪಿಕೊಳ್ಳೋಣ. ಅದಕ್ಕೇ ನನಗೆ ಮೂಡಲಗಿಯ ಮೇಲೆ ಆಸೆಯಿತ್ತು. ಶಿವಬೋಧರಂಗರ ಮಠದ ಊರು, ಈಚೆಗೆ ತಾಲ್ಲೂಕು ಕೇಂದ್ರವಾಗಿ ಬೆಳೆಯುತ್ತಿರುವ ಊರು. ಅಲ್ಲಿ ನಾವು ನೋಡಿದ್ದು ಹೊಸದಾಗಿ ಕಟ್ಟಿದ ಮಸೀದಿ. ಸಂಜೆಯ ಬಿಸಿಲಲ್ಲಿ ಮಿನಾರುಗಳು ಚೆನ್ನಾಗಿ ಕಂಡವು. ನೆಲಕ್ಕೆ ಹಾಲಿನಂಥ ಅಮೃತಶಿಲೆ, ಜನರೇಟರು, ಕುಡಿಯುವ ನೀರಿನ ಕೂಲರು, ವಯಸ್ಸಾದವರಿಗೆ ಕಟಕಟೆ, ಬೈಕು ನಿಲ್ಲಿಸಲು ತಗಡಿನ ಚಪ್ಪರ. ಮಾರ್ಗದರ್ಶಕ ಹುಡುಗ ಸಿಮೆಂಟು ಕಬ್ಬಿಣದ ಲೆಕ್ಕ ಹೇಳಿದ. ಬೈಕಿಗೆ ನೆರಳು ಮಾಡಬೇಕೆಂದು ನೆನಪಾದವರಿಗೆ ಬೈಕಿನ ಹಿಂದೆ ಕೂತು ಬಂದವಳ ನೆನಪಾಗಲಿಲ್ಲ. ಸಂತೆಗೆ ಹಳ್ಳಿಯಿಂದ ಬಂದ ಹೆಂಗಸು ಕೈಕಾಲು ತೊಳೆಯಲು, ಎರಡು ರಕಾತು ಮಾಡಲು, ಹತ್ತು ನಿಮಿಷ ಕೂಸಿಗೆ ಹಾಲು ಕೊಡಲು ಹತ್ತಡಿ ಕೋಣೆ, ಒಂದು ನಲ್ಲಿ, ಬೇರೆ ಬಾಗಿಲು. ನಕ್ಷೆ ಬರೆಯುವಾಗ ಒಂದು ಗೆರೆ ಎಳೆದಿದ್ದರೆ ಸಾಕಿತ್ತು.

ಹಿಂದಿರುಗುವಾಗ ಟೆಂಪೊದಲ್ಲಿ ಗೆಳತಿಯರು ನನ್ನನ್ನು ನೋಡಿ "ಅಯ್ಯ ಪಾಪ, ನಿಮ್ಮಾಗ ಹಿಂಗ ಐತೆನ್ರಿ" ಎಂದು ಮರುಗತೊಡಗಿದರು. ಆ ಪಾಪ ನನಗೆ ಬೇಕಿರಲಿಲ್ಲ. ನಮ್ಮಿಂದ ಎಷ್ಟು ದೂರ ಕೊಲ್ಲಾಪುರ? ಮಹಾಲಕ್ಷ್ಮಿ ಹೆಣ್ಣು ದೇವರು, ಅವಳ ಗರ್ಭಗುಡಿಗೆ ಹೆಣ್ಣುಮಕ್ಕಳನ್ನು ಬಿಟ್ಟಿದ್ದು 2016ರ ಏಪ್ರಿಲ್‌ನಲ್ಲಿ, ಅದೂ ಹೈಕೋರ್ಟು ಹೇಳಿದ ಮೇಲೆ. ಶನಿ ಶಿಂಗಣಾಪುರದ ಕಟ್ಟೆಯೂ ಆ ತಿಂಗಳೇ ತೆರೆಯಿತು. 2018ರಲ್ಲಿ ಶಬರಿಮಲೆಯ ತೀರ್ಪು ಬಂದಾಗ ಬೀದಿಗಿಳಿದು ಬೇಡ ಬೇಡ ಎಂದವರಲ್ಲಿ ಹೆಂಗಸರೇ ಸಾವಿರಾರು. "ತಿಂಗಳಿನಾಗ ಮೂರು ದಿನ ನೀವೆಲ್ಲಾ ದೇವರ ಮನಿಯಿಂದ ಎಷ್ಟು ದೂರ ಕುಂದ್ರತೀರಿ?" ಎಂದು ಕೇಳಿದೆ. ಟೆಂಪೊದಲ್ಲಿ ಮಾತು ನಿಂತಿತು. ಘಟಪ್ರಭೆ ದಾಟುವ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಉಳಿದ ಕರದಂಟು ಹಂಚಿದಳು.

ನನ್ನವರು ಹೇಳುವ ಮಾತು ಬೇರೆ. ಕಾಲ ಕೆಟ್ಟಿದೆ, ಮನೆಯ ಮಾತನ್ನು ಹೊರಗೆ ಬರೆದರೆ ನಮ್ಮನ್ನು ಹಳಿಯುವವರ ಕೈಗೆ ಕೋಲು ಕೊಟ್ಟಂತಾಗುತ್ತದೆ, ಈಗ ಬೇಡ ಎನ್ನುತ್ತಾರೆ. ಈ 'ಈಗ ಬೇಡ'ವನ್ನು ನಾನು 1985ರಲ್ಲಿ ಶಾ ಬಾನು ತೀರ್ಪು ಬಂದಾಗ ಕೇಳಿದೆ. 1992ರಲ್ಲಿ ಕೇಳಿದೆ. 2022ರಲ್ಲಿ ಹಿಜಾಬಿನ ಗಲಾಟೆಯಲ್ಲೂ ಕೇಳಿದೆ. ಆ ವರ್ಷ ತಲೆಗೆ ಬಟ್ಟೆ ಹಾಕಿದ ಹುಡುಗಿಯರನ್ನು ಕಾಲೇಜಿನ ಗೇಟಿನಲ್ಲಿ ತಡೆದಾಗ ನನ್ನ ಹೊಟ್ಟೆ ಉರಿದಿತ್ತು. ಹುಡುಗಿಯರಿಗೆ ಬಾಗಿಲು ಮುಚ್ಚುವುದು ಅನ್ಯಾಯ ಎಂದು ನಮ್ಮ ಗಂಡಸರು ಕೂಗಿದ್ದು ನೂರಕ್ಕೆ ನೂರು ನಿಜ. ಆ ಸಾಲನ್ನೇ ನಾನು ಅವರಿಗೆ ವಾಪಸು ಓದುತ್ತಿದ್ದೇನೆ. ಕಾಲೇಜಿನ ಗೇಟು ಅನ್ಯಾಯ, ಮಸೀದಿಯ ಗೇಟು ಗೌರವ ಹೇಗೆ? ಹಳಿಯುವವರಿಗೆ ಕೋಲು ಕೊಡುತ್ತಿರುವವಳು ನಾನಲ್ಲ. ಕೋಲು ಬಾಗಿಲಿಗೆ ಅಡ್ಡ ಇಟ್ಟಿರುವವರು ಯಾರೋ ಅವರು.

ಇಷ್ಟು ಬರೆದು ಸುಮ್ಮನಿರಬಾರದೆಂದು ಜಮಾತಿಗೆ ಒಂದು ಅರ್ಜಿಯನ್ನೂ ಬರೆದೆ. ಉರ್ದುವಿನಲ್ಲಿ ಒಂದು ಪ್ರತಿ, ಕನ್ನಡದಲ್ಲಿ ಒಂದು. ಕೇಳಿದ್ದು ಎರಡೇ. ಹಿಂದಿನ ಗೋಡೆಯ ಹತ್ತಿರ ಪರದೆ ಹಾಕಿ ಹತ್ತು ಚಾಪೆಯ ಜಾಗ. ಹೆಣ್ಣಿನ ನಿಕಾಹ, ತಲಾಖಿನ ಮಾತಾಗುವಾಗ ಆ ಹೆಣ್ಣು ಮತ್ತು ಅವಳ ಕಡೆಯ ಇಬ್ಬರು ಹೆಂಗಸರು ಒಳಗೆ ಕುಳಿತಿರಬೇಕು. ಸಹಿ ಮಾಡಲು ಓಣಿಯ ಮನೆಮನೆಗೆ ಹೋದೆ. ಹದಿನೇಳು ಜನ ಸಹಿ ಮಾಡಿದರು. ಶರಬತ್ತು ಕಳಿಸಿದವಳು ಮೊದಲು ಹೆದರಿ, ರಾತ್ರಿ ಮಗನ ಕೈಯಲ್ಲಿ ಹೇಳಿ ಕಳಿಸಿ, ತನ್ನ ಹೆಸರನ್ನು ತಾನೇ ಬಂದು ಬರೆದಳು. ಮೂವರು ಗಂಡಸರೂ ಸಹಿ ಮಾಡಿದ್ದಾರೆ, ಅವರಲ್ಲಿ ಒಬ್ಬ ಅಂದು ನನ್ನನ್ನು ತಡೆಯಲು ಓಡಿ ಬಂದ ತರುಣ. ಅರ್ಜಿ ಮುಟ್ಟಿದ್ದಕ್ಕೆ ರಸೀದಿ ಕೊಟ್ಟಿದ್ದಾರೆ. ರಂಜಾನ್ ಕಳೆಯಲಿ, ಕೂಡಿ ವಿಚಾರ ಮಾಡೋಣ ಎಂದಿದ್ದಾರೆ.

ಪ್ರವಾಸ ಮುಗಿದ ರಾತ್ರಿ ತಂಗಿಗೆ ಫೋನು ಮಾಡಿದ್ದೆ. ಅವಳು ಇಚಲಕರಂಜಿಯಲ್ಲಿ ಮಗನ ಜೊತೆ ಇದ್ದಾಳೆ, ಅವನು ಮಗ್ಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಾವಿಬ್ಬರೂ ಆಡುವುದು ದಖನಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಆ ಮಸೀದಿಯ ಹೆಸರು ಹೇಳಿ, ಒಳಗೆ ಹೋಗಿದ್ದೆ ಎಂದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗೆ ಏನಿದೆ ಎಂದು ಕೇಳಿದಳು.

"ಏನಿಲ್ಲ. ಗೋಡೆ, ಗಡಿಯಾರ, ಚಾಪೆ, ಫ್ಯಾನು" ಎಂದೆ.

"ಅಷ್ಟೇನಾ?"

"ಅಷ್ಟೇ."

"ನಾನು ನಿಂತಿದ್ದ ಜಾಗ ಹಾಗೇ ಇದೆಯಾ?"

"ಚಪ್ಪಲಿ ಇಡೋದಕ್ಕೆ ಸ್ಟೀಲಿನ ಸ್ಟ್ಯಾಂಡು ಮಾಡಿಸಿದ್ದಾರೆ" ಎಂದೆ.